ಹಿಮದ ಬಂಡಿಗೆ ಹಲ್ಲಿನ ಡಾಕ್ಟರು

ಅಮೆರಿಕದ ಕ್ಯಾಂಪ್‌ಬೆಲ್ಲಿನಲ್ಲಿ ಹಿಮ ಬೀಳುವುದಿಲ್ಲ. ಹೋದ ವರ್ಷ ಬೀಳಲಿಲ್ಲ, ಬರುವ ವರ್ಷವೂ ಬೀಳುವ ಲಕ್ಷಣವಿಲ್ಲ. ಈ ವಿಷಯ ಆ ಊರಿನ ನಾಯಿ ಬೆಕ್ಕುಗಳಿಗೂ ಗೊತ್ತು. ನಮ್ಮ ಚಿಕ್ಕಮ್ಮ ಒಬ್ಬಳಿಗೆ ಗೊತ್ತಿಲ್ಲ! ಗೊತ್ತಿದ್ದರೆ ಚೆನ್ನಾಗಿರುವ ಕಾರನ್ನು ಬಿಸಿಲಿಗೆ ತಳ್ಳಿ, ಗ್ಯಾರೇಜಿನೊಳಗೆ ಸ್ನೋಮೊಬೈಲ್ ತಂದು ನಿಲ್ಲಿಸುತ್ತಿದ್ದಳೇ?

ನೋಡದವರಿಗಾಗಿ ಹೇಳುತ್ತೇನೆ: ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಬಂಡಿ. ಮುಂದೆ ಎರಡು ಹಲಗೆ, ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ರಬ್ಬರ್ ಪಟ್ಟಿ, ನಡುವೆ ಸೀಟು. ಚಿಕ್ಕಮ್ಮ ಮಂಡ್ಯದವಳು. ಮೂವತ್ತು ವರ್ಷ ಇಲ್ಲಿ ಹಲ್ಲಿನ ಡಾಕ್ಟರಾಗಿದ್ದವಳು ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕ್ಲಿನಿಕ್ ಮುಚ್ಚಿದಳು. ರಿಟೈರಾದವರು ಭಜನೆಗೆ ಹೋಗುತ್ತಾರೆ, ಹಿತ್ತಲಲ್ಲಿ ಹೀರೇಕಾಯಿ ಬೆಳೆಯುತ್ತಾರೆ. ಇವಳು ಬೆಟ್ಟದ ಬುಡದ ಯಾರಿಂದಲೋ ಒಂದು ಹಳೆಯ ಸ್ನೋಮೊಬೈಲ್ ಕೊಂಡು ತಂದಳು.

ಸುಮ್ಮನೆ ಕೊಂಡಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ. ಅದರ ಕ್ಲಚ್ಚು ಸರಿಯಿಲ್ಲವೆಂದು ತೀರ್ಮಾನಿಸಿದಳು.

"ಕೆಟ್ಟೋಗಿದ್ಯಾ?" ಎಂದೆ.

"ಕೆಟ್ಟಿಲ್ಲ ಕಣ್ಲಾ. ಇದು ಕೆಳಗಿನೂರಿನ ಕ್ಲಚ್ಚು. ನಾನು ಹೋಗ್ಬೇಕಿರೋದು ಬೆಟ್ಟದ ತುದೀಗೆ. ಅಲ್ಲಿ ಗಾಳಿ ತೆಳ್ಳಗಿರ್ತದೆ, ಇಂಜಿನ್‌ಗೆ ಉಸ್ರು ಸಾಲಕ್ಕಿಲ್ಲ, ಶಕ್ತಿ ಕಮ್ಮಿ ಆಯ್ತದೆ. ಆದ್ರೆ ಕ್ಲಚ್ಚೊಳಗಿನ ತೂಕದ ಬಿಲ್ಲೆಗಳು ಕೆಳಗೆ ಇದ್ದಷ್ಟೇ ಇರ್ತವೆ. ಎತ್ತು ಬಡವಾದ್ಮೇಲೆ ಗಾಡೀಲಿರೋ ಕಬ್ಬು ಇಳಿಸ್ಬೇಕೋ ಬ್ಯಾಡ್ವೋ?"

ನಾನು ಪಕ್ಕದ ಸಾಂಟಾ ಕ್ಲಾರಾದ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಹನ್ನೆರಡು ವರ್ಷದಿಂದ ಇಂಜಿನಿಯರು. ನಮ್ಮ ಮೀಟಿಂಗುಗಳಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಯಾವುದನ್ನೂ ವಿವರಿಸಿದ್ದು ನನಗೆ ನೆನಪಿಲ್ಲ.

ಕಬ್ಬು ಇಳಿಸುವ ಕೆಲಸ ಶುರುವಾಯಿತು. ಒಂದು ಶನಿವಾರ ಹೋಗಿ ನೋಡುತ್ತೇನೆ, ಚಿಕ್ಕಮ್ಮ ಬಿಳಿ ಕೋಟು, ಮಾಸ್ಕು, ಕೈಗವಸು ತೊಟ್ಟು, ಬಾಯಿಗಿಡುವ ಪುಟ್ಟ ಕನ್ನಡಿಯನ್ನು ಕ್ಲಚ್ಚಿನೊಳಗೆ ತೂರಿಸಿ ಇಣುಕುತ್ತಿದ್ದಾಳೆ! ಪಕ್ಕದ ತಟ್ಟೆಯಲ್ಲಿ ಹಲ್ಲು ಕೊರೆಯುವ ಡ್ರಿಲ್ಲು. ತೂಕದ ಬಿಲ್ಲೆಯನ್ನು ಚೂರು ಕೊರೆಯುವುದು, ಅಕ್ಕಸಾಲಿಗರ ತಕ್ಕಡಿಯಂಥ ಪುಟ್ಟ ಯಂತ್ರದ ಮೇಲಿಡುವುದು, ಮತ್ತೆ ಕೊರೆಯುವುದು. ಎಲ್ಲ ಬಿಲ್ಲೆಗಳೂ ಒಂದೇ ತೂಕವಿರಬೇಕಂತೆ, ಇಲ್ಲದಿದ್ದರೆ ಬಂಡಿ ಅದುರುತ್ತದಂತೆ. ಅಭ್ಯಾಸಬಲ ನೋಡಿ, ಕೊರೆಯುವ ಮುಂಚೆ ಒಂದೊಂದು ಬಿಲ್ಲೆಗೂ "ಸ್ವಲ್ಪ ಜುಮ್ಮನ್ನುತ್ತೆ, ಅಷ್ಟೇ" ಎಂದು ಸಮಾಧಾನ ಬೇರೆ ಹೇಳುತ್ತಿದ್ದಳು.

ಅಡುಗೆಮನೆಯಲ್ಲಿ ಚಿಕ್ಕಪ್ಪ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದರು. "ಮೂವತ್ತು ವರ್ಷ ಆ ಸದ್ದಿಗೆ ಹೆದರ್ಕೊಂಡು ನನ್ನ ಹಲ್ಲು ತೋರಿಸ್ದೆ ತಪ್ಪಿಸ್ಕೊಂಡಿದ್ದೆ. ಈಗ ಮನೆಗೇ ತಂದಿದ್ದಾಳೆ," ಎಂದರು.

ಆಮೇಲೆ ಆಯುಧಪೂಜೆ ಬಂತು. ಎಲ್ಲರೂ ಕಾರಿಗೆ ಪೂಜೆ ಮಾಡಿಸಿದರೆ ಚಿಕ್ಕಮ್ಮ ಸ್ನೋಮೊಬೈಲಿಗೆ ಮಾಡಿಸಲು ಪುರೋಹಿತರನ್ನು ಮನೆಗೇ ಕರೆಸಿದಳು. ಅರಿಶಿನ ಕುಂಕುಮ ಹಚ್ಚಿದ್ದಾಯಿತು, ಹೂವಿನ ಹಾರ ಹಾಕಿದ್ದಾಯಿತು. ನಿಂಬೆಹಣ್ಣು ಕೈಲಿ ಹಿಡಿದ ಪುರೋಹಿತರು ಬಂಡಿಯನ್ನು ಒಂದು ಸುತ್ತು ಹಾಕಿದರು, ಇನ್ನೊಂದು ಸುತ್ತು ಹಾಕಿದರು. ಪ್ರದಕ್ಷಿಣೆ ಎಂದುಕೊಂಡು ನಾನೂ ಕೈಮುಗಿದು ಹಿಂದೆ ಸುತ್ತಿದೆ.

"ಅಮ್ಮಾ, ಇದಕ್ಕೆ ಚಕ್ರ ಎಲ್ಲಿದೆ?" ಎಂದು ಕೊನೆಗೆ ಕೇಳಿದರು.

"ಚಕ್ರ ಇಲ್ಲ ಸ್ವಾಮಿ. ಹಿಂದ್ಗಡೆ ಪಟ್ಟಿ ಕೆಳಗಿಡಿ."

ಇಟ್ಟರು. ಚಿಕ್ಕಮ್ಮ ಬಂಡಿ ಶುರುಮಾಡಿ ಹಗುರವಾಗಿ ವೇಗ ಕೊಟ್ಟಳು. ಬೆಟ್ಟ ಹತ್ತುವ ಬಂಡಿಯ ಪಟ್ಟಿಗೆ ದೋಣಿಯ ಹುಟ್ಟಿನಂಥ ಅಂಗೈಯಗಲದ ರಬ್ಬರ್ ಹಲ್ಲುಗಳಿರುತ್ತವೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ನಿಂಬೆಹಣ್ಣು ಅಪ್ಪಚ್ಚಿಯಾಗಲಿಲ್ಲ, ಕವಣೆಕಲ್ಲಿನ ಹಾಗೆ ಚಿಮ್ಮಿ, ಬೇಲಿ ದಾಟಿ, ಪಕ್ಕದ ಮನೆಯ ಅಮೆರಿಕನ್ ಅಜ್ಜ ಹಿತ್ತಲಲ್ಲಿ ಮೀನು ಸುಡುತ್ತಿದ್ದ ಒಲೆಯ ಮೇಲೆ ಬಿತ್ತು. ಅಜ್ಜ ಬೇಲಿಯ ಮೇಲೆ ತಲೆ ಎತ್ತಿ, "ಥ್ಯಾಂಕ್ ಯೂ!" ಎಂದ.

"ಪೂಜೆ ಫಲ ಸಿಕ್ತಮ್ಮ," ಎಂದರು ಪುರೋಹಿತರು, "ಆದ್ರೆ ಪಕ್ಕದ್ಮನೆಯವರಿಗೆ."

ಚಳಿಗಾಲದ ಒಂದು ಬೆಳಗ್ಗೆ ಚಿಕ್ಕಮ್ಮ ಫೋನ್ ಮಾಡಿ, "ಬೆಟ್ಟಕ್ಕೆ ಹೋಗ್ಬೇಕು, ಬಾ," ಎಂದಳು. ಯಾಕೆ ನಾನೇ ಎಂದು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಬಾಡಿಗೆ ಟ್ರಕ್ಕಿನ ಹಿಂದೆ ಬಂಡಿಯನ್ನು ಕಟ್ಟಿಕೊಂಡು ನಾಲ್ಕು ಗಂಟೆ ಪ್ರಯಾಣ. ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಮೊಸರನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು, "ನಾನು ಗಾಡಿ ಬಿಟ್ಟು ಇಳಿಯಲ್ಲ, ಈಗ್ಲೇ ಹೇಳಿದೀನಿ," ಎಂದು ಪ್ರತಿ ಫ್ರೀವೇಯಲ್ಲೂ ಒಂದೊಂದು ಸಲ ಹೇಳಿದರು.

ಮೊದಲ ಪ್ರಯತ್ನಕ್ಕೆ ನನ್ನನ್ನು ಹಿಂದೆ ಕೂರಿಸಿಕೊಂಡು ಏರು ಹತ್ತಿದಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಇಂಜಿನ್ನು ಹಬ್ಬದೂಟ ಮಾಡಿದವರ ಹಾಗೆ ಮುಕ್ಕರಿಯತೊಡಗಿತು, ಬಂಡಿ ಅಲ್ಲೇ ಹಿಮದಲ್ಲಿ ಕೂತಿತು. ಚಿಕ್ಕಮ್ಮ ಮೀಟರು ನೋಡಿ ತಲೆಯಾಡಿಸಿದಳು. "ಇಂಜಿನ್ನು ಸುತ್ತಬೇಕಾದಷ್ಟು ಸುತ್ತುತಾ ಇಲ್ಲ. ಇನ್ನೂ ಭಾರ ಅದೆ."

ನನ್ನ ಹೊಟ್ಟೆಯ ಕಡೆ ನೋಡಿದಳೆಂದು ನನಗನ್ನಿಸಿತು. ಇಲ್ಲ, ಜೇಬಿನಿಂದ ವಾರದ ಮಾತ್ರೆ ಹಾಕಿಡುವ ಡಬ್ಬಿ ತೆಗೆದಳು. ಸೋಮವಾರದಿಂದ ಭಾನುವಾರದವರೆಗಿನ ಮನೆಗಳಲ್ಲಿ ಮಾತ್ರೆಗಳ ಬದಲು ದಿನದಿಂದ ದಿನಕ್ಕೆ ಹಗುರವಾಗುವ ಬಿಲ್ಲೆಗಳು! ಅಲ್ಲೇ ಕೂತು ಕ್ಲಚ್ಚು ಬಿಚ್ಚಿ, ಗುರುವಾರದವನ್ನು ತೆಗೆದು ಶುಕ್ರವಾರದವನ್ನು ಹಾಕಿದಳು. ಹಾಕುವಾಗ ಬೆರಳುದ್ದದ ಒಂದು ಪಿನ್ನು ಜಾರಿತು.

ಹಿಮದಲ್ಲಿ ಪಿನ್ನು ಹುಡುಕಿದ್ದೀರಾ? ಹುಡುಕಬೇಡಿ. ಚಿಕ್ಕಮ್ಮ ಚೀಲದಿಂದ ಟೀ ಸೋಸುವ ಜರಡಿ ಕೊಟ್ಟಳು. ನಾನು ಮಂಡಿಯೂರಿ ಬೆಟ್ಟ ಸೋಸತೊಡಗಿದೆ. ಆ ದಾರಿಯಲ್ಲಿ ಬಂದ ಇಬ್ಬರು ದೈತ್ಯ ಗಡ್ಡದವರು ತಮ್ಮ ಬಂಡಿ ನಿಲ್ಲಿಸಿ, ಏನು, ಮದುವೆಯ ಉಂಗುರವೇ ಎಂದು ಕೇಳಿ, ಪಾಪ, ಅವರೂ ಮಂಡಿಯೂರಿದರು. ಅರ್ಧ ಗಂಟೆಯಾದ ಮೇಲೆ ಅವರಲ್ಲೊಬ್ಬ ಚಿಕ್ಕಮ್ಮನ ಎದೆಯ ಕಡೆ ಸಂಕೋಚದಿಂದ ಬೆರಳು ತೋರಿಸಿದ. ಕ್ಲಿನಿಕ್ಕಿನ ಹಳೆಯ ಜಾಕೆಟ್ಟಿನ ಮೇಲೆ ಅವಳ ಹೆಸರಿನ ಬಿಲ್ಲೆ ಇನ್ನೂ ಇತ್ತು. ಅದರ ಹಿಂದಿನ ಅಯಸ್ಕಾಂತಕ್ಕೆ ನಮ್ಮ ಪಿನ್ನು ನೆಟ್ಟಗೆ ಅಂಟಿಕೊಂಡಿತ್ತು!

"ಸೋಸಿದ್ದು ಸಾಕು, ಹತ್ತು," ಎಂದಳು, ಏನೂ ಆಗದವಳಂತೆ.

ಈ ಸಲ ಇಂಜಿನ್ನು ಮುಕ್ಕರಿಯಲಿಲ್ಲ. ಒಂದೇ ಸಮ, ಒಂದೇ ಶ್ರುತಿಯಲ್ಲಿ ಹಾಡುತ್ತ ಏರಿತು. ನಾನು ಕಣ್ಣು ಮುಚ್ಚಿಕೊಂಡು ಚಾಮುಂಡೇಶ್ವರಿಗೆ ಹರಕೆ ಹೊತ್ತೆ. ಕಣ್ಣು ಬಿಟ್ಟಾಗ ನಾವು ಬೆಟ್ಟದ ತುದಿಯಲ್ಲಿದ್ದೆವು. ಕೆಳಗೆ ಹೆಪ್ಪುಗಟ್ಟಿದ ಒಂದು ಕೆರೆ, ಅದರಾಚೆ ಬೆಟ್ಟಗಳ ಮೇಲೆ ಬೆಟ್ಟ. ಫೋಟೋ ತೆಗೆಯಲು ಫೋನ್ ಹುಡುಕುವಷ್ಟರಲ್ಲಿ ಚಿಕ್ಕಮ್ಮ ಬಂಡಿ ತಿರುಗಿಸಿಬಿಟ್ಟಳು.

ಟ್ರಕ್ಕಿನ ಪಕ್ಕ ನಿಲ್ಲಿಸಿ, "ಇಳಿ. ನಿನ್ನ ಕೆಲ್ಸ ಆಯ್ತು," ಎಂದಳು.

"ಅಷ್ಟೇನಾ?"

"ನಿನ್ನ ತೂಕಾನೂ ನಿಮ್ಮ ಚಿಕ್ಕಪ್ಪನ ತೂಕಾನೂ ಒಂದೇ ಕಣ್ಲಾ. ಅದಕ್ಕೇ ಕರ್ಕೊಂಡ್ಬಂದಿದ್ದು."

ಅವಳು ಟ್ರಕ್ಕಿನ ಬಾಗಿಲು ತೆಗೆದಳು. "ಬನ್ರೀ."

ಪ್ರತಿ ಬೇಸಿಗೆಯಲ್ಲೂ ಚಿಕ್ಕಪ್ಪ ಒಬ್ಬರೇ ಈ ಬೆಟ್ಟ ಹತ್ತಿ ಆ ಕೆರೆಯ ಬಳಿ ಒಂದು ರಾತ್ರಿ ಮಲಗಿ ಬರುತ್ತಿದ್ದರು. ಮೂರು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಆಮೇಲೆ ಕಾಲುಗಳೂ ಹೇಳಿದ ಮಾತು ಕೇಳದಾದವು. ಕೊನೆಯ ಸಲ ಅರ್ಧ ದಾರಿಯಿಂದ ಹಿಂದಿರುಗಿದವರು ಬೆಟ್ಟದ ಮಾತನ್ನೇ ಬಿಟ್ಟಿದ್ದರು.

"ಬೇಡ ಕಣೆ," ಎಂದರು ಚಿಕ್ಕಪ್ಪ, ಬಂಡಿಯನ್ನು ನೋಡದೆ. "ನನಗೆ ಗಟ್ಟಿಯಾಗಿ ಹಿಡ್ಕೊಳಕ್ಕಾಗಲ್ಲ. ಬಿದ್ದೋಗ್ತೀನಿ."

"ನೀವು ಹಿಡ್ಕೊಳೋದು ಬ್ಯಾಡ."

ನಾವಿಬ್ಬರೂ ಸೇರಿ ಅವರನ್ನು ಮೆಲ್ಲಗೆ ಹತ್ತಿಸಿದೆವು. ಚಿಕ್ಕಮ್ಮ ಮುಂದೆ ಕೂತು, ತನ್ನ ಉಣ್ಣೆಯ ಶಾಲು ತೆಗೆದು ಅವರ ಬೆನ್ನ ಹಿಂದಿನಿಂದ ಸುತ್ತಿ ತಂದು, ತನ್ನ ಹೊಟ್ಟೆಯ ಮೇಲೆ ಬಿಗಿಯಾಗಿ ಎರಡು ಗಂಟು ಹಾಕಿದಳು. ಕೂಸನ್ನು ಕಟ್ಟಿಕೊಂಡ ಹಾಗೆ.

"ಮದುವೇಲಿ ಸೆರಗಿಗೆ ಒಂದೇ ಗಂಟು ಹಾಕಿದ್ರು," ಎಂದರು ಚಿಕ್ಕಪ್ಪ.

"ಅದು ಸಡ್ಲ ಇತ್ತು. ಬಾಯ್ಮುಚ್ಕೊಂಡು ಕೂತ್ಕಳಿ."

ಚಿಕ್ಕಪ್ಪ ಕೆನ್ನೆಯನ್ನು ಅವಳ ಬೆನ್ನಿಗಾನಿಸಿದರು. ಬಂಡಿ ಹೊರಟಿತು. ಬಿಳಿ ಏರಿನ ಮೇಲೆ ಇಬ್ಬರೂ ಚಿಕ್ಕದಾಗುತ್ತ ಆಗುತ್ತ ತುದಿ ಮುಟ್ಟಿದರು, ಇಂಜಿನ್ನಿನ ಸದ್ದು ನಿಂತಿತು. ಬಹಳ ಹೊತ್ತು ಇಬ್ಬರೂ ಕೆರೆಯ ಕಡೆಯೇ ನೋಡುತ್ತಿದ್ದರು. ಆಮೇಲೆ ಚಿಕ್ಕಪ್ಪ ನನ್ನತ್ತ ತಿರುಗಿದ ಹಾಗೆ ಕಂಡಿತು. ಅವರ ಬಲಗೈ ಅಲ್ಲಾಡುತ್ತಿತ್ತು. ನಡುಕವೋ, ನನಗೇ ಕೈ ಬೀಸುತ್ತಿದ್ದರೋ, ಅಷ್ಟು ದೂರದಿಂದ ತಿಳಿಯಲಿಲ್ಲ.

ನಾನು ಎರಡೂ ಕೈ ಎತ್ತಿ ಬೀಸಿದೆ.