ಪ್ಯಾರಿಸ್ಸಿನ ಗೋಡೆ, ಸಾಲಿಗ್ರಾಮದ ಗೋಡೆ

ಜನರ ಮುಖ ನೋಡಿ ಚಿತ್ರ ಬರೆಯುವವನಿಗೆ ಫಜೀತಿ ತಪ್ಪಿದ್ದಲ್ಲ. ನನ್ನ ಫಜೀತಿಗೆಲ್ಲ ಒಬ್ಬ ಫ್ರೆಂಚ್ ಚಿತ್ರಗಾರನೇ ಕಾರಣ. ಮೈಸೂರಿನಲ್ಲಿ ನನಗೆ ಕುಂಚ ಹಿಡಿಯಲು ಕಲಿಸಿದ ಗುರುಗಳು ಆತನ ಜೀವನವನ್ನು ಪುರಾಣದ ಹಾಗೆ ಹೇಳುತ್ತಿದ್ದರು. ಬಡವರ ಮನೆಯ ಹುಡುಗ, ರೋಮ್‌ಗೆ ಹೋಗಿ ಕಲಿತ, ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಅವನ ಚಿತ್ರ ಗೋಡೆ ಏರಿತು, ಆಮೇಲೆ ಪದಕ, ಪ್ರೊಫೆಸರ್‌ಗಿರಿ. ಐವತ್ತರ ದಶಕದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಹುಣಸೂರಿಗೆ ಬಂದಾಗ ನನಗಿದ್ದದ್ದು ಒಂದೇ ಆಸೆ. ನನ್ನದೂ ಒಂದು ಚಿತ್ರ ಯಾರದಾದರೂ ಮನೆಯ ಗೋಡೆ ಏರಬೇಕು.

ನೆರಳು

ಬೆಳಕು ಒಂದೇ ಕಡೆಯಿಂದ ಬೀಳಬೇಕು ಅನ್ನುವುದು ಫ್ರೆಂಚ್ ಮಹಾಶಯನ ಮೊದಲ ಪಾಠ. ಬಿಳಿಕೆರೆಯ ಜವಳಿ ವ್ಯಾಪಾರಿಯನ್ನು ಕಿಟಕಿ ಪಕ್ಕ ಕೂರಿಸಿ ಹಾಗೇ ಬರೆದೆ.

"ಅಲ್ಲ ಕಣ್ರೀ, ಈ ಕಡೆ ಕೆನ್ನೆಗ್ಯಾಕೆ ಮಸಿ ಬಳ್ದಿದ್ದೀರಿ?"

"ಅದು ನೆರಳು ಸ್ವಾಮಿ. ಫ್ರಾನ್ಸಿನಲ್ಲಿ ಹೀಗೇ ಬರೆಯೋದು."

"ಅಲ್ಲಿಯವ್ರಿಗೆ ಇನ್ನೊಂದು ದೀಪ ಹಚ್ಚೋಕೆ ಗತಿ ಇರ್ನಿಲ್ವಾ?"

ಚಿತ್ರ ನನ್ನ ಜೊತೆಗೇ ಬಸ್ಸು ಹತ್ತಿ ವಾಪಸ್ಸು ಬಂತು.

ಕಾಲು

ಕಂಡಷ್ಟನ್ನೇ ಬರೆಯಬೇಕು ಅನ್ನುವುದು ಎರಡನೆಯ ಪಾಠ. ಹ್ಯಾಂಡ್‌ಪೋಸ್ಟ್ ಅನ್ನುವ ಊರಿನ ಹತ್ತಿರದ ರೈತನೊಬ್ಬ ತನ್ನ ಜೋಡಿ ಎತ್ತನ್ನು ಬರೆಸಿದ. ಆಚೆ ಬದಿಯ ಎತ್ತಿನ ಎರಡೇ ಕಾಲು ಕಾಣುತ್ತಿದ್ದವು, ಎರಡೇ ಬರೆದೆ. ಅವನ ಮುಖ ಬಾಡಿತು. ಈಚೆಯ ಎತ್ತು ಅಡ್ಡ ನಿಂತಿದೆ, ಅದಕ್ಕೇ ಮಿಕ್ಕ ಕಾಲು ಕಾಣುವುದಿಲ್ಲ ಎಂದು ವಿವರಿಸಿದೆ.

"ಅಷ್ಟೇ ತಾನೆ? ಅದುನ್ನ ವಸಿ ಮುಂದುಕ್ಕೆ ನಡ್ಸಿ ಬರೀರಿ ಮೇಷ್ಟ್ರೇ. ಬೇಕಾದ್ರೆ ನಾನು ಹಗ್ಗ ಹಿಡ್ಕೋತೀನಿ."

ಹಾರ

ಸಾಲಿಗ್ರಾಮದ ಯಜಮಾನರೊಬ್ಬರು ಮಾತ್ರ ನೆರಳಿಗೂ ತಕರಾರು ಮಾಡದೆ ತಮ್ಮ ಚಿತ್ರವನ್ನು ಪಡಸಾಲೆಯಲ್ಲಿ ಹಾಕಿಸಿದರು. ನನಗೆ ಪ್ಯಾರಿಸ್ಸಿಗೇ ಹೋದಷ್ಟು ಖುಷಿಯಾಯಿತು.

ಅವರ ಮನೆಯ ಹೊಸ ಸೊಸೆಗೆ ಗೋಡೆ ಮೇಲಿನ ಪಟ ಎಂದರೆ ದೇವರದು, ಇಲ್ಲವೇ ಸತ್ತ ಹಿರಿಯರದು. ಎರಡಕ್ಕೂ ಹಾರ ಹಾಕಿ ಅಭ್ಯಾಸ. ಮಾವನವರ ಪಟಕ್ಕೂ ಭಕ್ತಿಯಿಂದ ಹಾರ ಹಾಕಿ ಊದುಬತ್ತಿ ಹಚ್ಚಿದಳು. ಬೀದಿಯಲ್ಲಿ ಹೋಗುವವರು ಇಣುಕಿದ್ದೇ ತಡ, ಯಜಮಾನರು ಹೋಗಿಬಿಟ್ಟರೆಂದು ಸುದ್ದಿ ಹಬ್ಬಿತು.

ಬಣ್ಣ ಒಣಗಿದೆಯೇ ಎಂದು ನೋಡಲು ನಾನು ಹೋದಾಗ, ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಅವರ ದಾಯಾದಿ ಪಟದ ಮುಂದೆ ಕೂತು ಅಳುತ್ತಿದ್ದ.

"ಬದು ಒತ್ತಿದ್ದು ನಾನೇ ಕಣಣ್ಣಾ. ನಿನ್ ಮೇಲೆ ಸುಳ್ಳು ಹೇಳ್ಬುಟ್ಟೆ."

ಬಚ್ಚಲಲ್ಲಿದ್ದ ಯಜಮಾನರು ನೀರು ಹೊಯ್ದುಕೊಳ್ಳುವುದನ್ನು ನಿಲ್ಲಿಸಿ, ಕೊನೆಯವರೆಗೂ ಕೇಳಿಸಿಕೊಂಡು, ಒದ್ದೆ ಪಂಚೆಯಲ್ಲೇ ಹೊರಗೆ ಬಂದರು.

"ಇದುನ್ನೇ ಪಂಚಾಯ್ತಿ ಮುಂದೆ ಇನ್ನೊಂದ್ಸಲ ಅಂದ್ಬುಡು."

ದಾಯಾದಿ ಚಪ್ಪಲಿಯನ್ನೂ ಬಿಟ್ಟು ಓಡಿದ. ನನಗೆ ನನ್ನ ಚಿತ್ರದ್ದೇ ಚಿಂತೆ. ಅಪಶಕುನ ಎಂದು ಇದನ್ನೂ ವಾಪಸ್ಸು ಕೊಟ್ಟುಬಿಟ್ಟರೆ? ಹಾರವನ್ನಾದರೂ ತೆಗೆಯೋಣವೆಂದು ಸ್ಟೂಲು ಹತ್ತಿದೆ.

"ಇರ್ಲಿ, ಇಳೀರಿ ಮೇಷ್ಟ್ರೇ," ಅಂದರು ಯಜಮಾನರು ತಲೆ ಒರೆಸಿಕೊಳ್ಳುತ್ತ. "ಇನ್ನೂ ಇಬ್ರು ದಾಯಾದಿಗಳು ಬರೋರವ್ರೆ."