ಕಡೆಗೆ ಉಣ್ಣುವ ನಾಯಕ

ನಾಯಕನಾದವನು ಎಲ್ಲರೂ ಉಂಡ ಮೇಲೆ ಉಣ್ಣಬೇಕು. ಈ ಮಾತು ನನ್ನದಲ್ಲ, ತರಬೇತಿ ಪಾಠದ್ದು. ಅದನ್ನು ಕಂಪ್ಯೂಟರ್ ಬೊಂಬೆಗಳ ವಿಡಿಯೋ ಮಾಡಿಕೊಡುವುದಷ್ಟೇ ನನ್ನ ಕೆಲಸ. ಎಡಗೈ ಆಟ ಅಂದುಕೊಂಡೆ. ಮಾನ್ವಿಯ ಒಂದು ಅಕ್ಕಿ ಗಿರಣಿಯ ಸೂಪರ್‌ವೈಸರ್‌ಗಳಿಗೆ ಇದು ಒಪ್ಪಿಗೆಯಾದರೆ ಉಳಿದ ಪಾಠಗಳೂ ನನಗೇ. ಇಲ್ಲದಿದ್ದರೆ ರಾಯಚೂರಿನಲ್ಲಿ ಮತ್ತೆ ಮದುವೆ ವಿಡಿಯೋಗಳ ಮೇಲೆ ಗುಲಾಬಿ ಉದುರಿಸುತ್ತ ಕೂರಬೇಕು. ಗುಲಾಬಿ ನನಗೆ ಸಾಕಾಗಿತ್ತು.

ಸಾಫ್ಟ್‌ವೇರಿನ ಬೊಂಬೆಗಳೆಲ್ಲ ಕೋಟು ಹಾಕಿಕೊಂಡಿದ್ದವು. ಕೋಟು ಬಿಚ್ಚಿಸಿ, ಹೆಗಲಿಗೆ ಟವೆಲ್ ಹಾಕಿ, ಕೈಗೆ ಬುತ್ತಿ ಕೊಟ್ಟೆ. ಕೆಲಸಗಾರರು ಉಣ್ಣುತ್ತಾರೆ, ನಾಯಕ ನಗುತ್ತ ಪಕ್ಕದಲ್ಲಿ ನಿಂತಿರುತ್ತಾನೆ. ಅವನ ತ್ಯಾಗಕ್ಕೆ ನನಗೇ ಕಣ್ಣು ತುಂಬಿ ಬಂತು.

ಗಿರಣಿಯಲ್ಲಿ ಪರದೆ ಕಟ್ಟಿ ತೋರಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೇವದುರ್ಗ ಕಡೆಯ ಹಿರಿಯ ಸೂಪರ್‌ವೈಸರ್ ಬಸಣ್ಣ ಎದ್ದು ನಿಂತರು.

“ಸರ, ಆ ಮನಷ್ಯಾ ಏನ್ ತಪ್ಪು ಮಾಡ್ಯಾನ್ರಿ?”

“ತಪ್ಪಲ್ರಿ, ಅವನೇ ನಾಯಕ.”

“ಮತ್ತ ಒಬ್ಬರಾದ್ರೂ ‘ಬರ್ರಿ, ಊಟ ಮಾಡೂಣು’ ಅನ್ನವಲ್ರು? ನಾವು ಹಾದ್ಯಾಗ ಹೋಗೋರ್ನೂ ಕರೀತೀವಿ. ಇವನ್ನ ಯಾರೂ ಕರೀವಲ್ರು ಅಂದ್ರ ಭಾಳ ಕೆಟ್ಟವ ಇರಬೇಕು.”

ಎಲ್ಲರೂ ಹೌದೆಂದು ತಲೆಯಾಡಿಸಿದರು. ಎದುರಿಗಿದ್ದವರನ್ನು ಕರೆಯದೆ ತುತ್ತೆತ್ತುವ ಸೀಮೆ ನಮ್ಮದಲ್ಲ. ಅದು ನನಗೆ ಗೊತ್ತಿತ್ತು. ಬೊಂಬೆಗಳಿಗೆ ಹೇಳುವುದು ಮರೆತಿದ್ದೆ.

ಬಿಡುವವನೇ ನಾನು? ಗಿರಣಿ ಮಾಲೀಕರ ಹತ್ತಿರ ಒಂದು ವಾರದ ಸಮಯ ಕೇಳಿಕೊಂಡು ಬಂದು, ಪ್ರತಿ ಬೊಂಬೆಯ ಬಾಯಲ್ಲೂ “ಬರ್ರಿ ಸಾಹೇಬ್ರ” ಅನ್ನಿಸಿದೆ. ಕರೆದಾಗ ಒಲ್ಲೆ ಎಂದರೆ ಸೊಕ್ಕು. ಆದ್ದರಿಂದ ನಾಯಕ ಒಬ್ಬನ ಬುತ್ತಿಯಲ್ಲಿ ತುತ್ತು ಮುರಿದ. ಒಬ್ಬನದು ತಿಂದು ಇನ್ನೊಬ್ಬನದು ಬಿಟ್ಟರೆ ಪಕ್ಷಪಾತ, ಪಾಠದಲ್ಲಿ ಅದೂ ನಿಷಿದ್ಧ. ಎಲ್ಲರ ಬುತ್ತಿಗೂ ಕೈ ಹಾಕಿಸಿದೆ.

ಈ ಸಲ ಚಪ್ಪಾಳೆಯೋ ಚಪ್ಪಾಳೆ! ಮಾಲೀಕರು ಬಸಣ್ಣನವರನ್ನು ಕೇಳಿದರು, “ಏನ್ ಕಲ್ತ್ರಿ?”

“ಸೂಪರ್‌ವೈಸರ್ ಆದಾವ ಮನಿಯಿಂದ ಬುತ್ತಿ ತರಬಾರದ್ರಿ.”

ಮಾಲೀಕರು ನನ್ನ ಕಡೆ ತಿರುಗಿದರು. “ಇದು ತರಬೇತಿ ಅಲ್ರಿ, ಬೀಗರ ಊಟ.”

ಇನ್ನೊಂದೇ ಅವಕಾಶ ಬೇಡಿಕೊಂಡು ರಾಯಚೂರಿಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತೆ. ಹೆಂಡತಿ ಸುನಂದಾ ಏನೋ ಅಂದಳು, ಹೂಂ ಅಂದೆ. ಹೊಟ್ಟೆ ಚುರುಗುಟ್ಟಿದಾಗ ಅಡುಗೆಮನೆಗೆ ಹೋದರೆ ಅವಳು ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದಳು.

“ಊಟಕ್ಕ ಕರೀಲೇ ಇಲ್ಲಲ್ಲ?”

“ಕರದೀನಿ. ದಿನಾ ಕರೀತೀನಿ. ಹೂಂ ಅಂತೀರಿ, ಬರೂದಿಲ್ಲ. ನಿಮ್ಮ ಬೊಂಬಿ ಹಂತ್ಯಾಕ ಹೋಗ್ರಿ, ಅವು ಕರೀತಾವ.”

ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಖಡಕ್ ರೊಟ್ಟಿಯನ್ನು ನಿಂತೇ ಕಡಿದೆ. ಎಲ್ಲರೂ ಉಂಡ ಮೇಲೆ ಉಣ್ಣುವುದೇ ನಾಯಕತ್ವವಾದರೆ, ನಮ್ಮ ಮನೆಗೆ ನಾನೇ ನಾಯಕ.