ರೋಗದ ನೊಣಗಳು ಮೇಲೆ ಹತ್ತಿದ್ದು

ಅನುಮಾನ ಪಡಲು ನನಗೆ ಕಾರಣ ಬೇಕಾಗಿಲ್ಲ. ಬೊರಿವಲಿ ಲೋಕಲ್ ಟ್ರೇನ್‌ನಲ್ಲಿ ಯಾರಾದರೂ ತಾವಾಗಿಯೇ ಎದ್ದು ಸೀಟು ಕೊಟ್ಟರೆ, ಕೂರುವ ಮೊದಲು ಸೀಟನ್ನು ಒಮ್ಮೆ ಮುಟ್ಟಿ ನೋಡುತ್ತೇನೆ. ಉಪ್ಪಿಟ್ಟು ಎಂದಿಗಿಂತ ರುಚಿಯಾಗಿದ್ದರೆ ಹೆಂಡತಿ ಸರಸಳನ್ನು, “ಯಾರು ಬರ್ತಿದಾರೆ? ನಿಮ್ಮಣ್ಣನಾ?” ಎಂದು ಕೇಳುತ್ತೇನೆ. ಇಂಥ ನನ್ನನ್ನು ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಒಂದು ಪ್ರಯೋಗಾಲಯದವರು ನೊಣ ನೋಡಿಕೊಳ್ಳಲು ಇಟ್ಟುಕೊಂಡಿದ್ದರು. ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಆ ಕೆಂಗಣ್ಣಿನ ಚಿಕ್ಕ ನೊಣಗಳು. ರವೆ, ಬೆಲ್ಲ ಕುದಿಸಿ ಬಾಟಲಿಗೆ ಸುರಿದು, ಹತ್ತಿ ತುರುಕಿ, ಲೇಬಲ್ ಅಂಟಿಸುವುದು ನನ್ನ ಕೆಲಸ. ಮೈಸೂರಿನ ನೆಂಟರಿಗೆ ಮಾತ್ರ ‘ರಿಸರ್ಚು’ ಎನ್ನುತ್ತಿದ್ದೆ.

ಅಲ್ಲಿ ವಸುಧಾ ಎಂಬ ಧಾರವಾಡದ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಳು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಕೆಟ್ಟರೆ ಮಕ್ಕಳ ಕೈಕಾಲು ಸೋಲುತ್ತವಂತೆ. ಕೆಟ್ಟದ್ದನ್ನು ಕೋಶವೇ ಒಡೆದು, ಅದರ ಸಾಮಾನನ್ನು ಮತ್ತೆ ಬಳಸಿಕೊಳ್ಳುವುದೂ ಉಂಟಂತೆ. ಆ ಕೆಲಸ ಚುರುಕಾಗಲೆಂದು ಅವಳು ಅದೇ ರೋಗವಿದ್ದ ನೊಣಗಳ ಊಟಕ್ಕೆ ಮದ್ದು ಹನಿಸುತ್ತಿದ್ದಳು. ಬಾಟಲಿ ತಟ್ಟಿದರೆ ಆರೋಗ್ಯದ ನೊಣ ಸರಸರ ಮೇಲೆ ಹತ್ತುತ್ತದೆ, ರೋಗದ್ದು ತಳದಲ್ಲೇ ತೆವಳುತ್ತದೆ. ಎರಡು ವರ್ಷ ತೆವಳಿದ ವಂಶ ಒಂದು ಸೋಮವಾರ ಹತ್ತಿಬಿಟ್ಟಿತು! ವಸುಧಾ ಸಂತೋಷದಿಂದ ಅತ್ತೇಬಿಟ್ಟಳು. ಶುಕ್ರವಾರ ಎಲ್ಲ ಪ್ರೊಫೆಸರರ ಮುಂದೆ ಅದನ್ನು ತೋರಿಸುವುದೆಂದು ಗೊತ್ತಾಯಿತು.

ನನಗೋ ಅನುಮಾನ. ಹತ್ತಿದ್ದು ಕೆಲವೇ ಬಾಟಲಿಗಳಲ್ಲಿ, ಅವುಗಳಲ್ಲೂ ಅರ್ಧಕ್ಕರ್ಧ. ಹೊರಗಿನ ನೊಣ ನುಗ್ಗಿರಬೇಕು. ಬಾಟಲಿ ತೊಳೆಯುವ ಸಾವಂತ ದಿನಾ ಬಾಳೆಹಣ್ಣು ತರುತ್ತಿದ್ದ, ಇನ್ನೇನು ಬೇಕು? ಮೂರು ದಿನ ಅವನ ಬೆನ್ನು ಬಿದ್ದೆ, ಊಟದ ಡಬ್ಬಿಯನ್ನೂ ತೆರೆಸಿದೆ. “ಕ್ಯಾ ಸಾಬ್, ಡಬ್ಬಾ ಭೀ ಚೆಕ್ ಕರೋಗೇ?” ಎಂದ. ಒಳಗೆ ಚಪಾತಿ, ಭಾಜಿ. ಹಣ್ಣನ್ನು ಮೊದಲೇ ತಿಂದು ಸಾಕ್ಷಿ ನಾಶ ಮಾಡಿದ್ದಾನೆ ಎಂದುಕೊಂಡೆ. ಗುರುವಾರ ವಸುಧಾಳಿಗೆ ಹೇಳಿದೆ: “ನಿಮ್ಮ ನೊಣ ವಾಸಿಯಾಗಿಲ್ಲಮ್ಮ, ಯಾರೋ ಬೆರೆಸಿದಾರೆ.”

ಅವಳ ಮುಖ ಬಾಡಿತು. ಹತ್ತಿದ ನೊಣಗಳ ಬಾಟಲಿಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದಳು. ಒಂದರ ಲೇಬಲ್ ಅಂಚು ಎದ್ದಿತ್ತು. ಕಿತ್ತರೆ ಕೆಳಗೆ ಇನ್ನೊಂದು ಲೇಬಲ್: ‘ನಾರ್ಮಲ್’, ಅಂದರೆ ಆರೋಗ್ಯದ ನೊಣದ ಬಾಟಲಿ. ಮತ್ತೊಂದು ಬಾಟಲಿಯದನ್ನೂ ಕಿತ್ತಳು, ಅಲ್ಲೂ ‘ನಾರ್ಮಲ್’.

“ಇವು ಯಾರ ಅಕ್ಷರ್ರೀ ಕಾಕಾ?”

ನನ್ನವೇ. ನನ್ನಂತೆಯೇ ಬರೆಯುವವರು ಬೇರೆ ಯಾರೋ ಇದ್ದಾರೆಂದು ಒಂದು ಕ್ಷಣ ಅನುಮಾನಪಟ್ಟೆ, ಸುಳ್ಳೇಕೆ ಹೇಳಲಿ. ನಮ್ಮ ಮನೆಯಲ್ಲಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ, ದೋಸೆಹಿಟ್ಟಿನ ಪಾತ್ರೆ ತೊಳೆದ ನೀರೂ ಕೊನೆಯ ದೋಸೆಗೆ ಹೋಗುತ್ತದೆ. ಅಂಥ ಅಡುಗೆಮನೆಯ ಗಂಡಸು ನಾನು. ಆರೋಗ್ಯದ ನೊಣಗಳನ್ನು ತೆಗೆದ ಬಾಟಲಿಗಳಲ್ಲಿ ಅರ್ಧ ರವೆ ಹಾಗೇ ಉಳಿದಿತ್ತು. ಚೆಲ್ಲಲು ಮನಸ್ಸು ಬಾರದೆ, ಹೊಸ ಲೇಬಲ್ ಮೆತ್ತಿ ರೋಗದವಕ್ಕೆ ಕೊಟ್ಟಿದ್ದೆ. ರವೆಯಲ್ಲಿ ಆರೋಗ್ಯದವು ಇಟ್ಟಿದ್ದ ಮೊಟ್ಟೆ ನನ್ನ ಕಣ್ಣಿಗೆ ಕಾಣಬೇಕಲ್ಲ? ಮೇಲೆ ಹತ್ತಿದ್ದು ಅವುಗಳ ಮರಿಗಳೇ.

ವಸುಧಾ ಕಿತ್ತ ಲೇಬಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. “ಮಿಕ್ಕಿದ್ದನ್ನ ಮತ್ತ ಬಳಸೋದು ನೊಣದ ಕೆಲಸರೀ ಕಾಕಾ. ನೀವ್ಯಾಕ ಮಾಡ್ಲಿಕ್ಕೆ ಹೋದ್ರಿ?” ಎಂದು ಎದ್ದು, ಶುಕ್ರವಾರದ ಸಭೆ ಬೇಡವೆಂದು ಹೇಳಲು ಹೋದಳು. ಅವಳು ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕಾಯಿತು. ಬೈದಿದ್ದರೆ ಚೆನ್ನಾಗಿತ್ತು, ಇಂದಿಗೂ ಆ ಮುಖ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಸಾವಂತ ತನ್ನ ಬಾಳೆಹಣ್ಣು ಮುರಿದು ಅರ್ಧ ನನ್ನ ಕೈಗಿಟ್ಟ. ತಲೆ ತಗ್ಗಿಸಿ ತಿಂದೆ. ಯಾಕೆ ಕೊಟ್ಟನೋ ಎಂಬ ಅನುಮಾನ ಮಾತ್ರ ಇನ್ನೂ ಹೋಗಿಲ್ಲ.